ಹನ್ನೊಂದು ಡಾಲರಿನ ಹದಿನಾಲ್ಕು ಚೆಕ್ಕುಗಳು

ಶಿವಬಸಪ್ಪ ಮೇಷ್ಟ್ರ ಚೆಕ್ಕು ವಾಪಸು ಬಂತು ಎನ್ನುವ ಸುದ್ದಿಯನ್ನು ಅಮೆರಿಕದ ಗೈದರ್ಸ್‌ಬರ್ಗಿನ ಕನ್ನಡದ ಮನೆಗಳಿಗೆಲ್ಲ ಹಂಚಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿ ಒಳ್ಳೆಯವನಾಗುವ ವಯಸ್ಸು ನನ್ನದಲ್ಲ.

ಮೇಷ್ಟ್ರು ಅಂದರೆ ಸಂಬಳದ ಮೇಷ್ಟ್ರಲ್ಲ. ಬೈಲಹೊಂಗಲದ ಕಡೆಯವರು. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದು, ಜಮೀನು ಅಳೆಯುವ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದವರು. ಆಮೇಲೆ ನಕ್ಷೆಯನ್ನು ಕಂಪ್ಯೂಟರೇ ಬರೆಯತೊಡಗಿತು. ಇವರ ಕೈ ಎಷ್ಟು ಚೆನ್ನಾಗಿದ್ದರೇನು, ಖಾಯಂ ಕೆಲಸ ಹೋಗಿ ಗಂಟೆ ಲೆಕ್ಕದ ಕೆಲಸ ಉಳಿಯಿತು. ಹೆಂಡತಿ ಚನ್ನಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಒಂದು ರೂಮಿನ ಅಪಾರ್ಟ್‌ಮೆಂಟು, ಹಳೆಯದೊಂದು ಕಾರು, ಭಾನುವಾರ ಲೈಬ್ರರಿಯ ಕೆಳಗಿನ ಕೋಣೆಯಲ್ಲಿ ನಮ್ಮ ಮಕ್ಕಳಿಗೆ ಎರಡು ಗಂಟೆ ಕನ್ನಡ ಪಾಠ. ಪಾಠಕ್ಕೆ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ ಅನ್ನಿ.

ತೆಗೆದುಕೊಳ್ಳುವುದಿರಲಿ, ಅವರೇ ಕೊಡುತ್ತಿದ್ದರು. ಜೂನ್ ಕೊನೆಯ ಭಾನುವಾರ ಕ್ಲಾಸು ಮುಗಿಯುವಾಗ ಪ್ರತಿ ಮಗುವಿಗೂ ಹನ್ನೊಂದು ಡಾಲರಿನ ಒಂದು ಚೆಕ್ಕು. ಚೆಕ್ಕಿನ ಕೆಳಗೆ, ಯಾತಕ್ಕಾಗಿ ಎಂದು ಬರೆಯುವ ಗೆರೆಯ ಮೇಲೆ, ಆ ಮಗುವಿನ ಹೆಸರು ಕನ್ನಡದಲ್ಲಿ ಇರುತ್ತಿತ್ತು. ನಕ್ಷೆ ಬರೆದು ಪಳಗಿದ ಕೈ, ಅಕ್ಷರ ಅಚ್ಚು ಹಾಕಿದ ಹಾಗೆ. ನಗದು ಕೊಟ್ಟರಾಗದೇ ಎಂದು ಒಮ್ಮೆ ಕೇಳಿದ್ದೆ.

"ನೋಟಿನ ಮ್ಯಾಲೆ ಹುಡುಗ್ರ ಹೆಸರು ಇರೂದಿಲ್ಲಲ್ರೀ, ಗೋಪಿನಾಥ ಅವರ," ಅಂದಿದ್ದರು.

ನನ್ನ ಮಗಳು ಅಕ್ಷಯಾಗೆ ಆಗ ಎಂಟು ವರ್ಷ. 1996ರ ಜುಲೈ ಒಂದು, ಸೋಮವಾರ, ಆ ಚೆಕ್ಕನ್ನು ಅವಳ ಪುಟ್ಟ ಖಾತೆಗೆ ಹಾಕಲು ಬ್ಯಾಂಕಿಗೆ ಕರೆದುಕೊಂಡು ಹೋದೆ. ಕೌಂಟರಿನ ಹೆಂಗಸು ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಪ್ಪಾ, ಆ ಲೇಡಿಗೆ ನನ್ನ ನೇಮ್ ಓದಕ್ಕೇ ಬರಲ್ಲ!" ಎಂದು ಮಗಳು ಕಾರಿನವರೆಗೂ ಕುಣಿದಳು.

ಅವತ್ತೇ ಹದಿನಾಲ್ಕು ಮನೆಯವರೂ ಚೆಕ್ಕು ಹಾಕಿದ್ದರು. ಯಾಕೆಂದರೆ ಮೇಷ್ಟ್ರ ಕಟ್ಟಪ್ಪಣೆ ಇತ್ತು. "ಇಟ್ಕೊಂಡ್ ಕೂಡಬ್ಯಾಡ್ರಿ. ನಾಳೆ ಸೋಮವಾರ, ಬಸವಣ್ಣನ ವಾರ. ಚೊಲೋ ದಿನ, ನಾಳೇನ ಹಾಕ್ರಿ." ಅವರ ಊರಿನಲ್ಲಿ ಏನು ಶುರು ಮಾಡುವುದಿದ್ದರೂ ಸೋಮವಾರವೇ. ಅದೇ ಮುಳುವಾಯಿತು. ಅವತ್ತು ತಿಂಗಳ ಒಂದನೇ ತಾರೀಖು, ಬಾಡಿಗೆಯ ಚೆಕ್ಕೂ ಹೊರಟಿತ್ತು. ಶುಕ್ರವಾರ ಸಂಜೆ ಬ್ಯಾಂಕಿನ ಮೆಷೀನಿನಲ್ಲಿ ಹಾಕಿದ ಸಂಬಳದ ಚೆಕ್ಕನ್ನು ಬ್ಯಾಂಕು ಸೋಮವಾರದ್ದೆಂದು ಹಿಡಿದು, ಮುಂದಿನ ಶುಕ್ರವಾರದವರೆಗೆ ಖಾತೆಗೆ ಸೇರಿಸಲೇ ಇಲ್ಲ. ಅದು ಮೇಷ್ಟ್ರಿಗೆ ಗೊತ್ತಾಗಲಿಲ್ಲ.

ಖಾತೆಯಲ್ಲಿದ್ದದ್ದು 785 ಡಾಲರು. ಬಾಡಿಗೆ 780. ಬುಧವಾರ ಎಲ್ಲ ಚೆಕ್ಕುಗಳೂ ಒಟ್ಟಿಗೆ ಬಂದಾಗ ಬ್ಯಾಂಕು ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಪಾಸು ಮಾಡಿತು. ಉಳಿದದ್ದು ಐದು ಡಾಲರು. ಮಕ್ಕಳ ಚೆಕ್ಕು ಹದಿನಾಲ್ಕೂ ವಾಪಸು. ಒಂದೊಂದಕ್ಕೆ ಇಪ್ಪತ್ತೆಂಟು ಡಾಲರು ದಂಡ. ಚಿಕ್ಕದನ್ನು ಮೊದಲು ತೆಗೆದುಕೊಂಡಿದ್ದರೆ ಮಕ್ಕಳದ್ದೆಲ್ಲ ಪಾಸಾಗಿ ಬಾಡಿಗೆಯದೊಂದು ನಿಲ್ಲುತ್ತಿತ್ತು, ದಂಡವೂ ಒಂದೇ ಆಗುತ್ತಿತ್ತು. ಇದು ಬ್ಯಾಂಕಿನವರಿಗೆ ಗೊತ್ತಿಲ್ಲದ ಲೆಕ್ಕವೇ? ಗೊತ್ತಿದ್ದೇ ಮಾಡುವ ಲೆಕ್ಕ.

ಇವೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು, ಮಗಳ ಚೆಕ್ಕು ಕೆಂಪು ಮುದ್ರೆ ಹೊತ್ತು ವಾಪಸು ಬಂತು, ನಮ್ಮ ಬ್ಯಾಂಕು ಅವಳ ಖಾತೆಯಿಂದಲೂ ಐದು ಡಾಲರು ಕಿತ್ತುಕೊಂಡಿತು ಅನ್ನುವುದು ಮಾತ್ರ. ಮುಂದಿನ ವಾರ ಪಾರ್ಕಿನಲ್ಲಿ ಕನ್ನಡದವರ ಪಿಕ್ನಿಕ್. ಚಿತ್ರಾನ್ನದ ತಟ್ಟೆ ಹಿಡಿದು ನಿಂತವನು ನಾಲಿಗೆ ಸಡಿಲ ಬಿಟ್ಟೆ. "ಮೇಷ್ಟ್ರು ಕನ್ನಡ ಬೇಕಾದ್ರೆ ಹೇಳ್ಕೊಡ್ಲಿ. ಲೆಕ್ಕ ಮಾತ್ರ ಬೇಡಪ್ಪ!"

ಎಲ್ಲರೂ ನಕ್ಕರು. ನಮ್ಮದೂ ವಾಪಸು ಬಂತು, ನಮ್ಮದೂ ಬಂತು ಎಂದು ಒಬ್ಬೊಬ್ಬರೇ ದನಿಗೂಡಿಸಿದರು. ಕೆಲಸ ಹೋಗಿದೆಯಂತೆ ಎಂದು ಒಬ್ಬರು, ಅಟ್ಲಾಂಟಿಕ್ ಸಿಟಿಯಲ್ಲಿ ಜೂಜು ಆಡುತ್ತಾರಂತೆ ಎಂದು ಇನ್ನೊಬ್ಬರು. ಪಿಕ್ನಿಕ್ ಮುಗಿಯುವ ಹೊತ್ತಿಗೆ ಕಡ್ಡಿ ಗುಡ್ಡವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ನನಗೂ ಬರುತ್ತದೆ, ಬೇಕಾದಾಗ ನೆನಪಿಗೆ ಬರುವುದಿಲ್ಲ ಅಷ್ಟೇ.

ಮೇಷ್ಟ್ರು ಹದಿನಾಲ್ಕು ಮನೆಗೂ ಬಂದರು. ಕೈಯಲ್ಲಿ ಲಕೋಟೆ, ಅದರಲ್ಲಿ ಹದಿನಾರು ಡಾಲರು. ಹನ್ನೊಂದು ಮಗುವಿಗೆ, ಐದು ನಮ್ಮ ಬ್ಯಾಂಕು ಹಾಕಿದ ದಂಡಕ್ಕೆ. ನನ್ನ ಹೆಂಡತಿ ಶ್ರೀಲತಾ ಕಾಫಿ ಮಾಡುತ್ತೇನೆ ಕೂತುಕೊಳ್ಳಿ ಅಂದರೂ ಕೂರಲಿಲ್ಲ. "ತಪ್ಪಾತ್ರೀ ತಂಗಿ," ಎಂದು ಬಾಗಿಲಲ್ಲೇ ಹೇಳಿ ಹೋದರು. ಸೆಪ್ಟೆಂಬರಿನಲ್ಲಿ ಕ್ಲಾಸು ಶುರುವಾದಾಗ ಬಂದವರು ಆರು ಮಕ್ಕಳು. ಉಳಿದವರಿಗೆ ಸಾಕರ್ ಇತ್ತಂತೆ, ಈಜು ಇತ್ತಂತೆ. ಮಕ್ಕಳಿಗೆ ಸುಳ್ಳು ಚೆಕ್ಕು ಕೊಟ್ಟವರ ಹತ್ತಿರ ಮಕ್ಕಳನ್ನು ಕಳಿಸುವುದು ಹೇಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೇಷ್ಟ್ರು ಬ್ಯಾಂಕಿಗೆ ನಾಲ್ಕು ಸಲ ಹೋದರು. ಮ್ಯಾನೇಜರು ಖಾತೆಯ ನಿಯಮಗಳ ಒಂದು ಪುಟ್ಟ ಪುಸ್ತಕ ತೆಗೆದು, ಚೆಕ್ಕುಗಳನ್ನು ಬ್ಯಾಂಕು ತನಗೆ ಬೇಕಾದ ಕ್ರಮದಲ್ಲಿ ಪಾಸು ಮಾಡಬಹುದು ಎನ್ನುವ ಸಾಲಿಗೆ ಬೆರಳಿಟ್ಟು ತೋರಿಸಿದ. ಹಳೆಯ ಗಿರಾಕಿ ಎಂದು ಎರಡು ದಂಡ ಬಿಡುತ್ತೇನೆ ಅಂದ. ಇವರು ಒಪ್ಪಲಿಲ್ಲ. ಇವರ ಲೆಕ್ಕ ಬೇರೆ. ಸಂಬಳ ಬಂದಿದೆಯೇ ಎಂದು ನೋಡದೆ ಚೆಕ್ಕು ಬರೆದದ್ದು ತನ್ನ ತಪ್ಪು, ಅದಕ್ಕೆ ಒಂದು ದಂಡ ತನ್ನದು. ಉಳಿದ ಹದಿಮೂರು ಬ್ಯಾಂಕಿನದು. ಹದಿಮೂರು ಇಪ್ಪತ್ತೆಂಟಲೆ 364 ಡಾಲರಿಗೆ ರಾಕ್‌ವಿಲ್ಲಿನ ಸಣ್ಣ ದಾವೆಗಳ ಕೋರ್ಟಿನಲ್ಲಿ ಅರ್ಜಿ ಹಾಕಿದರು. ವಕೀಲರಿಲ್ಲ, ಅಲ್ಲಿ ಬೇಕಾಗಿಯೂ ಇಲ್ಲ. ನಕ್ಷೆ ಬರೆಯುವ ಹಾಳೆಯ ಮೇಲೆ ಹದಿನೈದು ಚೆಕ್ಕುಗಳನ್ನು ಗೆರೆ ಎಳೆದು ಬರೆದು, ಈ ಕ್ರಮದಲ್ಲಾದರೆ ಹೀಗೆ, ಆ ಕ್ರಮದಲ್ಲಾದರೆ ಹಾಗೆ ಎಂದು ಎರಡು ಪಟ್ಟಿ ತಯಾರಿಸಿದರು.

ಜನವರಿಯಲ್ಲಿ ನನಗೆ ಫೋನು ಬಂತು. "ಅಕ್ಷಯಾನ ಚೆಕ್ ಇನ್ನೂ ಐತೇನ್ರೀ? ಮುದ್ರಿ ಬಿದ್ದದ್ದು ಒಂದು ಕೋರ್ಟಿಗೆ ಬೇಕು. ನೀವೂ ಬಂದ್ರ ಸಾಕ್ಷಿ ಆಕ್ಕತಿ."

ಚೆಕ್ಕು ಮೇಜಿನ ಡ್ರಾಯರಿನಲ್ಲಿತ್ತು. ಮಗಳು ಎಸೆಯಲು ಬಿಟ್ಟಿರಲಿಲ್ಲ. ಇಲ್ಲ ಅನ್ನುವ ಮುಖ ನನಗಿರಲಿಲ್ಲ, ಹೋದೆ. ಮೊದಲ ದಿನ ಬ್ಯಾಂಕಿನವರು ಮುಂದಿನ ತಾರೀಖು ಕೇಳಿದರು, ಸಿಕ್ಕಿತು. ಎರಡನೆಯ ಸಲ ಹಿಮ ಬಿದ್ದು ಕೋರ್ಟೇ ಮುಚ್ಚಿತ್ತು. ಬಾಗಿಲಿನ ಚೀಟಿ ಓದಿ ಬಂದ ದಾರಿಯಲ್ಲೇ ವಾಪಸಾದೆವು. ನನಗೆ ರಜೆ ಇತ್ತು, ಅವರಿಗೆ ಅರ್ಧ ದಿನದ ಕೂಲಿ ಖೋತಾ. ಮೂರನೆಯದು ಮಾರ್ಚಿನಲ್ಲಿ. ಅವತ್ತು 270ನೇ ಹೆದ್ದಾರಿಯಲ್ಲಿ ಗಾಡಿಗಳು ತೆವಳುತ್ತಿದ್ದವು. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಸುತ್ತಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ಮುಖ ಎಷ್ಟು ಇಳಿದಿತ್ತೆಂದರೆ ನನಗೆ ಸಿಟ್ಟೇ ಬಂತು.

"ಬರೋದಕ್ಕಿಂತ ಹೋಗಿದ್ದೇ ಜಾಸ್ತಿ ಆಗುತ್ತೆ ಸಾರ್. ಬಿಟ್ಬಿಡಬಾರ್ದಾ?"

"ರೊಕ್ಕದ ಮಾತಲ್ರೀ ಇದು. ಸಣ್ಣ ಹುಡುಗ್ರಿಗೆ ಸುಳ್ಳು ಚೆಕ್ ಕೊಟ್ಟಾನ ಅಂತ ಮಂದಿ ಅಂತಾರ. ಆ ಮಾತು ತೊಳೀಬೇಕು," ಅಂದರು, ಕಣ್ಣು ತೆರೆಯದೆ. ಮಂದಿ ಅಂದರೆ ಯಾರು ಎಂದು ನಾನು ಕೇಳಲಿಲ್ಲ.

ಕೋರ್ಟಿನ ಹಜಾರದಲ್ಲಿ ಬ್ಯಾಂಕಿನ ವಕೀಲೆ ನಮ್ಮನ್ನು ಹುಡುಕಿಕೊಂಡು ಬಂದಳು. ಚಿಕ್ಕ ವಯಸ್ಸಿನವಳು, ಕೆಟ್ಟವಳಲ್ಲ. 364 ಡಾಲರು ಪೂರ್ತಿ ಕೊಡುತ್ತೇವೆ, ಅರ್ಜಿಯ ಶುಲ್ಕವನ್ನೂ ಸೇರಿಸುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ ಅಂದಳು. ಕಾಗದದಲ್ಲಿ ಎರಡು ಮಾತಿದ್ದವು. ಬ್ಯಾಂಕು ತಪ್ಪು ಮಾಡಿದೆ ಎಂದು ಒಪ್ಪುತ್ತಿಲ್ಲ. ಶಿವಬಸಪ್ಪನವರು ಈ ವಿಷಯವನ್ನು ಯಾರಿಗೂ ಹೇಳತಕ್ಕದ್ದಲ್ಲ.

ಮೇಷ್ಟ್ರು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. ದುಡ್ಡು ಬೇಡ, ಚೆಕ್ಕು ವಾಪಸಾದದ್ದು ನಿಮ್ಮ ಕ್ರಮದಿಂದ ಎಂದು ಒಂದು ಪತ್ರ ಕೊಡುತ್ತೀರಾ? ಹದಿನಾಲ್ಕು ಮನೆಗೆ ಅದರ ಪ್ರತಿ ಕಳಿಸುತ್ತೇನೆ. ಆಕೆ ಅಡ್ಡಡ್ಡ ತಲೆಯಾಡಿಸಿದಳು. ಪತ್ರ ಸಾಧ್ಯವೇ ಇಲ್ಲ. ಒಳಗೆ ಹೋದರೆ ನಾನು ಆ ಪುಸ್ತಕ ತೋರಿಸುತ್ತೇನೆ, ಪುಸ್ತಕ ಒಪ್ಪಿದ್ದೇನೆ ಎಂದು ಖಾತೆ ತೆರೆಯುವಾಗ ನೀವು ಮಾಡಿದ ಸಹಿ ತೋರಿಸುತ್ತೇನೆ, ಜಡ್ಜು ಏನು ಹೇಳುತ್ತಾರೋ ಗೊತ್ತಿಲ್ಲ ಅಂದಳು. ಅಂಥದೊಂದು ಸಹಿ ಮಾಡಿದ್ದು ಮೇಷ್ಟ್ರಿಗೆ ನೆನಪೇ ಇರಲಿಲ್ಲ.

ಅವರು ಬೆಂಚಿನ ಮೇಲೆ ಕೂತರು. ಒಂಬತ್ತು ತಿಂಗಳ ಸುಸ್ತೆಲ್ಲ ಆ ಒಂದು ಗಳಿಗೆಯಲ್ಲಿ ಮೈಗಿಳಿದಂತೆ ಕಂಡಿತು. ಕಾಗದವನ್ನು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ಓದಿದೆ. ಇನ್ನೊಮ್ಮೆ ಓದ್ರಿ ಅಂದರು. ಮತ್ತೆ ಓದಿದೆ.

"ಇದರಾಗ ನಿಮ್ಮ ಹೆಸರು ಎಲ್ಲೆರ ಐತೇನ್ರೀ?"

"ನನ್ನ ಹೆಸರು ಯಾಕ್ ಇರುತ್ತೆ ಸಾರ್? ಇಲ್ಲ."

ಪೆನ್ನು ತೆಗೆದು ಸಹಿ ಮಾಡಿದರು. ಸುತ್ತಿದ ಹಾಳೆಯನ್ನು ಯಾರೂ ಬಿಚ್ಚಿ ನೋಡಲೇ ಇಲ್ಲ.

ಕಾರು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಒದ್ದಾಡಿ, ಕೊನೆಗೆ ಬಾಯಿ ಮುಚ್ಕೊಂಡಿರ್ತೀನಿ ಅಂತ ಬರ್ಕೊಟ್ರಲ್ಲ ಸಾರ್! ಇನ್ನು ಜನಕ್ಕೆ ಹೇಗ್ ಗೊತ್ತಾಗ್ಬೇಕು?"

"ನಾ ಹೇಳಾಂಗಿಲ್ಲ. ನೀವು ಸಹಿ ಮಾಡಿಲ್ಲಲ್ರೀ."

ನಾನು ಕೀಲಿ ತಿರುಗಿಸಿ ಕಾರು ಹೊರಡಿಸಿದೆ.

"ಮುದ್ರಿ ಬಿದ್ದ ಚೆಕ್ ಹದಿನಾಲ್ಕು ಮನ್ಯಾಗ ಇದ್ವು, ಗೋಪಿನಾಥ ಅವರ. ನಿಮ್ಮನ್ನ ಯಾಕ ಕರದೆ ಅನ್ಕೊಂಡೀರಿ? ಮೊದಲಿನ ಸುದ್ದಿ ಹಂಚಿದವ್ರು ನೀವು. ಇದನ್ನೂ ನೀವ ಹಂಚ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಮುಂದಿನ ವಾರದ ಪಾಠ ಬರೆದುಕೊಂಡು ಬಾ ಅನ್ನುವ ದನಿ. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಒಂದು ಮಾತಾಡಿ ಹಗುರವಾಗುತ್ತಿದ್ದೆ. ಹೆದ್ದಾರಿಯಿಂದ ನಮ್ಮೂರಿಗೆ ಇಳಿಯುವ ಎಗ್ಸಿಟ್ಟನ್ನು ನೋಡದೆ ದಾಟಿ, ಮುಂದೆ ಕ್ಲಾರ್ಕ್ಸ್‌ಬರ್ಗಿನ ಹತ್ತಿರ ಹೋದ ಮೇಲೆ ತಿರುಗಿಸಿಕೊಂಡು ಬಂದೆ.

ಅವತ್ತು ಸಂಜೆಯೇ ಶುರುಮಾಡಿದೆ. ಆ ಹದಿನಾಲ್ಕು ಮನೆಗಳಲ್ಲೊಂದರ ಸ್ಮಿತಾಗೆ ಮೊದಲು ಹೇಳಿದೆ. "ಓ, ಆ ಚೆಕ್ಕಾ? ಮರ್ತೇ ಹೋಗಿತ್ತು," ಅಂದವಳೇ ಯುಗಾದಿ ಊಟಕ್ಕೆ ನಾವೇನು ತರುತ್ತೇವೆ ಎಂದು ಕೇಳಿದಳು. ಮರೆತಿದ್ದರೆ ಮಗನನ್ನು ಕ್ಲಾಸಿಗೆ ಯಾಕೆ ಕಳಿಸುವುದಿಲ್ಲ? ಕೇಳಲಿಲ್ಲ. ಎಲಿಕಾಟ್ ಸಿಟಿಯಿಂದ ಮಗುವನ್ನು ಕ್ಲಾಸಿಗೆ ಕರೆತರುತ್ತಿದ್ದ ಕೃಷ್ಣಪ್ರಸಾದ, "ದುಡ್ಡು ಬಂತಲ್ಲ, ಬಿಡಿ," ಅಂದ. ಮೇಷ್ಟ್ರ ಮೇಲಿನ ನನ್ನ ಹಾಸ್ಯ ಒಂದೇ ವಾಕ್ಯದ್ದು, ನಿಂತಲ್ಲೇ ಹೇಳಿ ನಗಬಹುದಿತ್ತು. ಇದಕ್ಕೆ ಸೋಮವಾರ ಬೇಕು, ಬಾಡಿಗೆ ಬೇಕು, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಬೇಕು. ಬಾಡಿಗೆಯವರೆಗೆ ಬರುವಷ್ಟರಲ್ಲಿ ಕೇಳುವವರು ತಟ್ಟೆ ಹಿಡಿದು ಬೇರೆ ಕಡೆ ಹೋಗಿರುತ್ತಿದ್ದರು. ಮೊದಲ ಸುದ್ದಿ ಒಂದು ಮಧ್ಯಾಹ್ನದಲ್ಲಿ ಹದಿನಾಲ್ಕು ಮನೆ ಮುಟ್ಟಿತ್ತು. ಇದನ್ನು ಮೂರು ತಿಂಗಳಲ್ಲಿ ಒಂಬತ್ತು ಮನೆಗೆ ಮುಟ್ಟಿಸಿದೆ. ಅವರಲ್ಲಿ ಪೂರ್ತಿ ಕೇಳಿದವರು ಇಬ್ಬರು.

ಜೂನ್ ಬಂತು. ಕ್ಲಾಸಿನಲ್ಲಿ ಉಳಿದದ್ದು ಐದು ಮಕ್ಕಳು. ಕೊನೆಯ ಭಾನುವಾರ ಮೇಷ್ಟ್ರು ಲಕೋಟೆ ಹಂಚಿದರು. ಒಂದೊಂದರಲ್ಲೂ ಹತ್ತರ ಒಂದು ನೋಟು, ಒಂದರ ಒಂದು ನೋಟು. ಚೆಕ್ಕು ಬರೆಯುವುದನ್ನು ಅವರು ಬಿಟ್ಟೇಬಿಟ್ಟಿದ್ದರು.

ಅಕ್ಷಯಾ ಕಾರಿನಲ್ಲಿ ಕೂತು ಎರಡು ನೋಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಲಕೋಟೆಯೊಳಗೆ ಕೈ ಹಾಕಿ ಹುಡುಕಿದಳು.

"ಅಪ್ಪಾ, ನನ್ನ ನೇಮ್ ಎಲ್ಲಿ?"

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹತ್ತನೆಯ ಮನೆಗೆ ಫೋನು ಮಾಡಿದೆ.