ಬೆಳ್ಳಪ್ಪನ ಫೋಟೋದ ಕೆಳಗಿನ ದೀಪ

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟಿದ್ದ ಭೂತಪ್ಪನಿಗೆ ಐವತ್ತೆಂಟು ವರ್ಷ. ರೀಲು ತೊಳೆಯುವ ಕಾಲದಿಂದ ಅದೇ ಕಸುಬು. ಡ್ರೋನು ಹಾರಿಸುವವರು ಬಂದು ಮದುವೆ ಫೋಟೋದ ಕೆಲಸ ಕಿತ್ತುಕೊಂಡ ಮೇಲೆ ಅವನಿಗೆ ಉಳಿದದ್ದು ಸ್ಲೈಡ್‌ಶೋ ಒಂದೇ. ಮನೆಯವರು ತಂದುಕೊಟ್ಟ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಪೋಣಿಸಿ, ಹಾಡು ಹಾಕಿ, ಛತ್ರದ ಪರದೆಯ ಮೇಲೆ ಓಡುವ ಹಾಗೆ ಮಾಡಿಕೊಡುವುದು. ಅದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ, ಬಿಡಿ. ಮನುಷ್ಯನ ಅಂಚನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿ ಒಂದು ಪದರದಲ್ಲಿಟ್ಟು, ಹಿಂದಿನ ಗಿಡಮರವನ್ನು ಇನ್ನೊಂದರಲ್ಲಿಟ್ಟು, ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸರಿಸುತ್ತಿದ್ದ. ಆಗ ಫೋಟೋದಲ್ಲಿದ್ದವರು ಉಸಿರಾಡಿದಂತೆ ಕಾಣುತ್ತಿತ್ತು.

ತೀರಿಕೊಂಡ ಹಿರಿಯರ ಫೋಟೋ ಬಂದಾಗ ಮಾತ್ರ ಅದು ಅಲ್ಲಾಡಬಾರದು. ಅದಕ್ಕೊಂದು ಹಾರ, ಕೆಳಗೊಂದು ಮಿಣುಕುವ ದೀಪ. ಅದೂ ರೂಢಿಯೇ. ದೀಪ ಕಂಡರೆ ಛತ್ರದಲ್ಲಿ ಕೂತವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು.

ಕನ್ನಮ್ಮ ಮಗಳು ಸ್ವಪ್ನಾಳ ಮದುವೆಗೆಂದು ಫೋಟೋ ತಂದಳು. ಒಂದು ಕವರಿನ ಮೇಲೆ ‘ಹಿರಿಯರು’ ಎಂದು ಬರೆದಿತ್ತು. ಒಳಗೆ ಅತ್ತೆ, ಮಾವ ಮತ್ತು ಗಂಡ ಬೆಳ್ಳಪ್ಪ. ಭೂತಪ್ಪನ ಕೈಗೆ ಯೋಚಿಸುವ ಅಭ್ಯಾಸವೇ ಇರಲಿಲ್ಲ. ಮೂವರಿಗೂ ಒಂದೇ ಸಲಕ್ಕೆ ಹಾರ, ದೀಪ ಹಾಕಿ, ನೋಡಲು ಕರೆದ.

ಕನ್ನಮ್ಮ ಎದ್ದು ನಿಂತುಬಿಟ್ಟಳು. "ಅಯ್ಯೋ, ಎಂತ ಮಾಡಿದ್ರಿ! ಇವ್ರಿಗ್ಯಾಕೆ ದೀಪ?"

ಬೆಳ್ಳಪ್ಪ ಸತ್ತಿರಲಿಲ್ಲ. ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಸಾಗರದ ಬಸ್ ಹತ್ತಿದವನು. ಮಿಕ್ಸಿಯೂ ಬರಲಿಲ್ಲ, ಮನುಷ್ಯನೂ ಬರಲಿಲ್ಲ. ಅವನಿನ್ನು ಬರುವುದಿಲ್ಲವೆಂದು ನೆಂಟರು ಎಂಟು ದಿಕ್ಕಿನಿಂದ ಹೇಳಿದರೂ ಕನ್ನಮ್ಮ ಕುಂಕುಮ ಬಿಟ್ಟಿರಲಿಲ್ಲ.

"ಧಾರೆಗೆ ಮೈದುನ, ಅವ್ನ ಹೆಂಡ್ತಿ ಕೂರ್ತಾರೆ. ಕೂರ್ಲಿ. ಆದ್ರೆ ಸ್ವಪ್ನಾ ಮಂಟಪಕ್ಕೆ ಬರುವಾಗ ಆರತಿ ಎತ್ತೋದು ನಾನೇ. ಅದೊಂದು ನಂಗೆ ಬೇಕು, ಭೂತಣ್ಣ."

"ತಪ್ಪಾಯ್ತು ಅಕ್ಕ. ಈಗ್ಲೇ ತೆಗ್ದೆ ನೋಡಿ."

ಹಾರ ತೆಗೆದು, ದೀಪ ತೆಗೆದು, ಬೆಳ್ಳಪ್ಪನನ್ನು ಫೋಟೋದಲ್ಲಿ ಅವನ ಹಿಂದಿದ್ದ ಸೇತುವೆಯಿಂದ ಬಿಡಿಸಿ ಮೆಲ್ಲಗೆ ಮುಂದೆ ಸರಿಸಿದ. ಸೈಕಲ್ ಹಿಡಿದ ಬೆಳ್ಳಪ್ಪ ಇತ್ತಲೇ ನಡೆದು ಬಂದ. "ಬರ್ತಿದ್ದಾರೆ," ಎಂದಳು ಕನ್ನಮ್ಮ, ಸೆರಗು ಬಾಯಿಗೊತ್ತಿಕೊಂಡು. ಅಷ್ಟರಲ್ಲಿ ಹೊರಗೆ ಸಾಗರದ ಬಸ್ ಹಾರನ್ ಹೊಡೆಯಿತು. ಅವಳು ತಟ್ಟನೆ ಬಾಗಿಲಿಗೆ ಹೋಗಿ, ಇಳಿದವರನ್ನೆಲ್ಲ ನೋಡಿ, ಏನೂ ಆಗದವಳ ಹಾಗೆ ಬಂದು ಕೂತಳು.

ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಿದ ಭೂತಪ್ಪ ಹಳೆಯದನ್ನು ಅಳಿಸಲಿಲ್ಲ. ಎಂದೂ ಏನನ್ನೂ ಅಳಿಸಿದವನಲ್ಲ, ಪುಣ್ಯಾತ್ಮ!

ಮದುವೆ ಆನಂದಪುರದ ಛತ್ರದಲ್ಲಿ. ಪೆನ್‌ಡ್ರೈವ್ ಹಾಕಿದರೆ ಅಲ್ಲಿನ ಟಿವಿ ಓದಲಿಲ್ಲ. ಮುಹೂರ್ತಕ್ಕೆ ಮುಕ್ಕಾಲು ಗಂಟೆ. ಭೂತಪ್ಪ ಬೆವರುತ್ತಾ ಲ್ಯಾಪ್‌ಟಾಪ್ ತೆರೆದು, ಕಣ್ಣಿಗೆ ಬಿದ್ದ ಫೈಲನ್ನು ಆ ಟಿವಿ ಓದುವ ಬಗೆಗೆ ಬದಲಿಸಿ ಕೊಟ್ಟ. ಪೂರ್ತಿ ನೋಡಲು ಪುರುಸೊತ್ತೆಲ್ಲಿ?

ಸ್ವಪ್ನಾಳ ತೊಟ್ಟಿಲು ಬಂತು, ಶಾಲೆ ಬಂತು. ಅಜ್ಜ ಬಂದರು, ದೀಪ. ಅಜ್ಜಿ ಬಂದರು, ದೀಪ. ಆಮೇಲೆ ಬೆಳ್ಳಪ್ಪ. ಕೊರಳಿಗೆ ಹಾರ. ಕೆಳಗೆ ದೀಪ ಮಿಣುಕುತ್ತಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ಬಿಟ್ಟು ಕೈ ಮುಗಿದರು. ಅದನ್ನು ನೋಡಿ ಪಕ್ಕದವರೂ ಮುಗಿದರು. ಸಾಲು ಸಾಲೇ ಕೈ ಮುಗಿಯಿತು. ಭೂತಪ್ಪ ವೈರು ಕಿತ್ತ, ಆದರೆ ಆಗಿದ್ದು ಆಗಿಹೋಗಿತ್ತು.

ಮಂಟಪದ ಪಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದ ಕನ್ನಮ್ಮನಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳೇನೋ. ಅವಳು ಕೈ ಮುಗಿದವರನ್ನೆಲ್ಲ ಒಂದು ಸುತ್ತು ನೋಡಿದಳು. ತಟ್ಟೆಯನ್ನು ಓರಗಿತ್ತಿಯ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಮಗಳು ಮಂಟಪಕ್ಕೆ ಬಂದು ಅಮ್ಮನನ್ನು ಹುಡುಕುತ್ತಿದ್ದುದನ್ನು ಭೂತಪ್ಪ ನೋಡಿದ. ತನ್ನ ಕೈಗೆ ಸಿಡಿಲು ಬಡಿಯಬಾರದಿತ್ತೇ ಅನ್ನಿಸಿತು ಅವನಿಗೆ.

ಹದಿನೈದು ದಿನ ಅವನಿಗೆ ಅನ್ನ ಸೇರಲಿಲ್ಲ. ಹಳೆಯ ಫೈಲು ಅಳಿಸಿದ. ಬೆಳ್ಳಪ್ಪ ನಡೆದು ಬರುವುದನ್ನು ಇನ್ನೂ ಚೆನ್ನಾಗಿ ಮಾಡಿ, ಅವಳ ಮನೆಗೆ ಹೋಗಿ, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟ.

"ದೀಪ ತೆಗ್ದೀನಿ ಅಕ್ಕ. ನೋಡಿ ಒಂದ್ಸಲ."

ಕನ್ನಮ್ಮನ ಹಣೆ ಬರಿದಾಗಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

"ನೀವು ಕಂಪ್ಯೂಟರಿಂದ ತೆಗಿತೀರಿ ಭೂತಣ್ಣ. ಕೈ ಮುಗ್ದೋರ ಕಣ್ಣಿಂದ ಹ್ಯಾಂಗೆ ತೆಗಿತೀರಿ? ಎಲ್ರೂ ಅಷ್ಟು ಸಲೀಸಾಗಿ ಕೈ ಮುಗಿದ್ರು. ನಾನೊಬ್ಳೇ ಕಾಯ್ತಿದ್ದಿದ್ದು ಅಂತ ಅವತ್ತೇ ಗೊತ್ತಾಗಿದ್ದು. ಕಾಫಿ ಕುಡ್ಕೊಂಡು ಹೋಗಿ."

ಪರದೆಯ ಮೇಲೆ ಬೆಳ್ಳಪ್ಪ ಸೈಕಲ್ ಹಿಡಿದು ಬರುತ್ತಲೇ ಇದ್ದ. ಕೆಳಗಿನ ರಸ್ತೆಯಲ್ಲಿ ಸಾಗರದ ಬಸ್ ಹಾರನ್ ಹೊಡೆದು ನಿಂತಿತು. ಭೂತಪ್ಪನೇ ತಡೆಯಲಾರದೆ ಎದ್ದು, ಇಳಿಯುವವರನ್ನು ನೋಡಿದ. ಕನ್ನಮ್ಮ ಕಾಫಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.