ಬಾನು ಬೀ ಕೊಡದ ಪಾರಿವಾಳ

ಎಚ್.ಬಿ. ಹಳ್ಳಿಯ ಹಳೇ ಗಲ್ಲಿಗಳಲ್ಲಿ ಬಾನು ಬೀ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಪಾರಿವಾಳದ ಬಾನು ಬೀ ಅನ್ನಬೇಕು. ಐವತ್ತೆಂಟರ ಹೆಂಗಸು ಮಾಳಿಗೆಯ ಮೇಲೆ ನಿಂತು, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ಒಮ್ಮೆ ತಿರುಗಿ ನೋಡಬೇಕು. ಪಾರಿವಾಳದ ಹುಚ್ಚು ಕೆಲಸವಿಲ್ಲದ ಗಂಡಸರಿಗೆ, ಮರ್ಯಾದಸ್ತ ಹೆಂಗಸರಿಗಲ್ಲ ಎಂದು ಗಲ್ಲಿಯ ಹಿರಿಯರು ಹೇಳಿ ಹೇಳಿ ಸುಸ್ತಾದರು.

"ಅವರು ಹಕ್ಕಿ ಹಾರಿಸ್ತಾರ, ನಾ ಹಕ್ಕಿ ಸಾಕ್ತೀನಿ. ಎರಡೂ ಒಂದ ಏನ್ರಿ?" ಎನ್ನುತ್ತಿದ್ದಳು.

ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಗಂಡ ಸಾಯುವಾಗ ಬಿಟ್ಟುಹೋದದ್ದು ನಾಲ್ಕು ಜೋಡಿ. ಹನ್ನೆರಡು ವರ್ಷದಲ್ಲಿ ಅವು ಮಾಳಿಗೆ ತುಂಬಿದವು. ಸುಮ್ಮನೆ ತುಂಬಿದವೇ? ಜೋಳ, ಸಜ್ಜೆ, ಒಡೆದ ಮೆಕ್ಕೆಜೋಳ, ಮೇಲೊಂದು ಹಿಡಿ ಹೆಸರುಕಾಳು. ಬೇಸಿಗೆ ಬಂತೆಂದರೆ ಉಷ್ಣವಾಗುತ್ತದೆಂದು ಸಜ್ಜೆ ಕಡಿಮೆ. ಯಾವ ಚೀಲ ಬಂದರೂ ಮೊದಲು ತಾನು ಮೂಸಬೇಕು, ನಾಲ್ಕು ಕಾಳು ಕಚ್ಚಿ ನೋಡಬೇಕು. ಬೂಷ್ಟಿನ ವಾಸನೆ ಬಂದರೆ ಇಡೀ ಚೀಲ ತಿಪ್ಪೆಗೆ. ಹಲ್ಲಿಲ್ಲದ ಜೀವ ಕಾಳು ಅರೆಯುವುದು ಹೊಟ್ಟೆಯೊಳಗೆ, ಅದಕ್ಕೆಂದು ಇಟ್ಟಿಗೆಯ ಪುಡಿ ಮತ್ತು ಮೊಟ್ಟೆಯ ಸಿಪ್ಪೆ ಬೇರೆ ಬಟ್ಟಲಲ್ಲಿ. ನೀರು ದಿನಕ್ಕೆ ಎರಡು ಸಲ ಬದಲಾಗಬೇಕು. ತಮ್ಮ ಅಹಮದಸಾಬ ಕೆಳಗಿನ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. "ನನಗ ಇಷ್ಟು ಕಾಳಜಿಲೆ ಯಾರೂ ಉಣ್ಣಾಕ ಹಾಕಿಲ್ಲ" ಎಂದು ಅವನು ಗೊಣಗುತ್ತಿದ್ದ. ಪಾಪ, ಸುಳ್ಳೇನೂ ಅಲ್ಲ.

ಜನರೊಂದಿಗೆ ಆಕೆಗೆ ಜಗಳವಿದ್ದದ್ದು ಒಂದೇ ವಿಷಯಕ್ಕೆ. ಈ ಸೀಮೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದು ಕೈಕಾಲು ಬಿದ್ದುಹೋದರೆ ಜನ ಮೊದಲು ಹುಡುಕುವುದು ಪಾರಿವಾಳವನ್ನು. ಕೊಯ್ದು, ಬಿಸಿ ರಕ್ತವನ್ನು ಬಿದ್ದುಹೋದ ಕೈಗೆ ತಿಕ್ಕಬೇಕು, ಮಾಂಸದ ಶೋರ್ವಾ ಕುಡಿಸಬೇಕು. ಹಾಗೆ ಕೇಳಿಕೊಂಡು ಹಡಗಲಿಯಿಂದ, ಕೂಡ್ಲಿಗಿಯಿಂದ ಜನ ಬಾನು ಬೀ ಬಾಗಿಲಿಗೆ ಬರುತ್ತಿದ್ದರು. ಆಕೆ ಒಬ್ಬರಿಗೂ ಕೊಡಲಿಲ್ಲ. "ದವಾಖಾನಿಗೆ ಓಡ್ರಿ ಮೊದ್ಲು! ಹಕ್ಕಿ ರಕ್ತದಾಗ ಏನೈತಿ? ಇದ್ದಿದ್ರ ದಿನಾ ಸಾಕೋ ನನಗ ಗೊತ್ತಾಗ್ತಿರಲಿಲ್ಲೇನು?" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಲ್ಲು ಮನಸ್ಸಿನವಳು ಎಂದು ಹೆಸರಾಯಿತು. ಆಗಲಿ ಬಿಡು ಅಂದಳು.

ಆದರೆ ಮೂರು ವರ್ಷದ ಹಿಂದೆ ಬಂದವಳು ಎದುರು ಮನೆಯ ಭರಮಮ್ಮ. ಇಬ್ಬರೂ ಒಂದೇ ವರ್ಷ ಈ ಗಲ್ಲಿಗೆ ಸೊಸೆಯಂದಿರಾಗಿ ಬಂದವರು, ಒಂದೇ ನಲ್ಲಿಯಲ್ಲಿ ನೀರು ಹಿಡಿದವರು. ಅವಳ ಗಂಡ ಪಾಲಾಕ್ಷಪ್ಪ ಅಂದು ಬೆಳಿಗ್ಗೆ ಲಕ್ವಾ ಹೊಡೆದು ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದ. ಭರಮಮ್ಮ ಸೆರಗೊಡ್ಡಿ ನಿಂತಳು. "ಒಂದ ಒಂದು ಹಕ್ಕಿ ಕೊಡು ಬಾನು" ಎಂದಳು. ಬಾನು ಬೀ ಕೊಡಲಿಲ್ಲ. ಗಾಡಿ ತರಿಸುತ್ತೇನೆ, ನಡಿ ದವಾಖಾನೆಗೆ ಹೋಗೋಣ ಎಂದು ಗೋಗರೆದಳು. ಭರಮಮ್ಮ ಕೇಳದೆ ಮಗನನ್ನು ತಂಬ್ರಹಳ್ಳಿಗೆ ಓಡಿಸಿದಳು. ಹಕ್ಕಿ ಸಿಕ್ಕು, ಕೊಯ್ದು, ತಿಕ್ಕುವಷ್ಟರಲ್ಲಿ ಎರಡು ದಿನ ಕಳೆದಿತ್ತು. ನಾಲ್ಕನೆಯ ದಿನ ಪಾಲಾಕ್ಷಪ್ಪ ಹೋದ. ಬಾನು ಕೂಡಲೇ ಕೊಟ್ಟಿದ್ದರೆ ನನ್ನ ಗಂಡ ಉಳಿಯುತ್ತಿದ್ದ ಎಂದು ಹೆಣದ ಮುಂದೆಯೇ ಅತ್ತವಳು ಅಂದಿನಿಂದ ಬಾನು ಬೀಯ ನೆರಳು ಕಂಡರೂ ಮುಖ ತಿರುಗಿಸುತ್ತಿದ್ದಳು. ಅದು ಬಾನು ಬೀಯ ಎದೆಗೆ ನಾಟಿತ್ತು, ಬಾಯಲ್ಲಿ ಮಾತ್ರ ಹೇಳುತ್ತಿರಲಿಲ್ಲ.

ಈಗ ನೋಡಿ ಗ್ರಹಚಾರ. ಮೊನ್ನೆ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕಾಳು ಹಾಕುತ್ತಿದ್ದ ಬಾನು ಬೀಯ ಕೈಯಿಂದ ಡಬ್ಬಿ ಜಾರಿತು. ಬಗ್ಗಿದರೆ ಬಲಗೈ ಬರಲಿಲ್ಲ. ಅಹಮದಸಾಬನ ಮಗಳು ಸೈಮಾ ಅವಳ ಸೊಟ್ಟಗಾದ ಬಾಯಿ ನೋಡಿದವಳೇ ಯಾರನ್ನೂ ಕೇಳದೆ ಆಟೋಗೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದಳು. ಜೀವ ಉಳಿಯಿತು. ಹನ್ನೊಂದನೆಯ ದಿನ ಮನೆಗೆ ಬಂದಾಗ ಬಲಗೈ ತೂಗಾಡುತ್ತಿತ್ತು, ಮಾತು ತೊದಲುತ್ತಿತ್ತು, ಸಿಳ್ಳೆಯ ಮಾತಂತೂ ಇಲ್ಲವೇ ಇಲ್ಲ. ಡಾಕ್ಟರು ದಿನಕ್ಕೆ ಮೂರು ಸಲ ಕೈ ಆಡಿಸಲು ಹೇಳಿದ್ದರು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದಿದ್ದರು.

ತಿಂಗಳುಗಟ್ಟಲೆ ಕಾಯುವ ತಾಳ್ಮೆ ಅಹಮದಸಾಬನಿಗೆಲ್ಲಿ? ಮರುದಿನವೇ ಚೂರಿ ಮಸೆದ. "ಮಾಳಿಗಿ ತುಂಬ ದವಾ ಐತಿ ಆಪಾ! ಒಂದು ಹಕ್ಕಿ ನಿನಗಿಂತ ಹೆಚ್ಚೇನು?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಅಕ್ಕನ ಮೇಲಿನ ಪ್ರೀತಿಗೆ ಚೂರಿ ಹಿಡಿದವನನ್ನು ಬೈಯುವುದಾದರೂ ಹೇಗೆ?

ಬಾನು ಬೀ ಗೋಡೆ ಹಿಡಿದು ಎದ್ದಳು. ಕಾಲೆಳೆದುಕೊಂಡು ಹೋಗಿ ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಕೂತುಬಿಟ್ಟಳು. "ನನ್ನ ದಾಟಿ ಹೋಗು ನೋಡೂಣು" ಎಂದಳು. ಮಾತು ತೊದಲಿದರೂ ಎಲ್ಲರಿಗೂ ಸರಿಯಾಗಿಯೇ ತಿಳಿಯಿತು. ಗಲ್ಲಿಯ ಅರ್ಧ ಜನ ಬಾಗಿಲಲ್ಲಿ ಸೇರಿ ಬುದ್ಧಿ ಹೇಳಿದರು. ಒಂದು ತಾಸು ಕಳೆದರೂ ಆಕೆ ಏಳಲಿಲ್ಲ.

ಆಗ ಜನರನ್ನು ಸರಿಸಿಕೊಂಡು ಭರಮಮ್ಮ ಒಳಗೆ ಬಂದಳು. ಮೂರು ವರ್ಷದಲ್ಲಿ ಈ ಹೊಸಿಲು ತುಳಿದದ್ದು ಇದೇ ಮೊದಲು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬಟ್ಟೆ ತೆಗೆದರೆ ಒಳಗೊಂದು ಕಂದು ಪಾರಿವಾಳ.

"ಕೊಟ್ಟೂರು ಸಂತ್ಯಾಗ ತಂದೀನಿ. ಇದು ನಿನ್ನ ಹಕ್ಕಿ ಅಲ್ಲ, ನಂದು. ಇದನ್ನ ಕೊಯ್ಯಾಕ ನಿನಗೇನು ಅಡ್ಡಿ?" ಭರಮಮ್ಮ ಬುಟ್ಟಿಯನ್ನು ಅವಳ ಮುಂದೆ ಇಟ್ಟಳು. "ನೀ ನನಗ ಕೊಡಲಿಲ್ಲ. ನಾ ನಿನಗ ಕೊಡಾಕತ್ತೀನಿ. ತಿನ್ನು, ನೆಟ್ಟಗಾಗು. ಆಮ್ಯಾಲೆ ನನ್ನ ಮಾರಿ ನೋಡಿ ಹೇಳು, ಅವತ್ತ ನಾ ಕೊಟ್ಟಿದ್ರ ನಿನ್ನ ಗಂಡ ಬದುಕ್ತಿದ್ದ ಅಂತ."

ಬಾನು ಬೀಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಕೈ ಬೇಕಾಗಿತ್ತು ಆಕೆಗೆ. ಕುಡಿದರೆ ಹೋಗುವುದೇನು, ಒಂದು ವೇಳೆ ಕೈ ಬಂದರೆ ಎಂಬ ಆಸೆ ಆ ಗಳಿಗೆಯಲ್ಲಿ ಅವಳಿಗೂ ಹುಟ್ಟಿತು. ಆದರೆ ಒಂದು ಗುಟುಕು ಕುಡಿದರೂ ಪಾಲಾಕ್ಷಪ್ಪನನ್ನು ಕೊಂದವಳು ನಾನೇ ಎಂದು ಒಪ್ಪಿಕೊಂಡಂತೆ. ಸುಳ್ಳನ್ನು ಹೇಗೆ ಒಪ್ಪಿಕೊಳ್ಳುವುದು?

ಎಡಗೈ ಚಾಚಿ ಹಕ್ಕಿಯನ್ನು ತೆಗೆದುಕೊಂಡಳು. ತೊಡೆಯ ಮೇಲೆ ಮಗ್ಗುಲು ಮಲಗಿಸಿ, ಬೆರಳಿನಿಂದ ಎದೆ ತಡವಿದಳು. ಕೊಕ್ಕಿನ ಬುಡ ನೋಡಿದಳು. ಮುಖ ಗಂಟಿಕ್ಕಿತು.

"ಎದಿ ಎಲುಬು ಚೂಪಗೆ ಕೈಗೆ ಸಿಗತೈತಿ. ಮೂಗು ಸೋರಾಕತ್ತೈತಿ. ಇದಕ್ಕ ಜಡ್ಡೈತಿ ಭರಮಮ್ಮ! ಇದು ನನ್ನ ಏನು ನೆಟ್ಟಗ ಮಾಡತೈತಿ?" ಎಂದಳು. ಮತ್ತೆ ಉಸಿರು ತೆಗೆದುಕೊಂಡು, "ನನ್ನ ಗೂಡಿಗೆ ಬ್ಯಾಡ. ಸಂತಿ ಹಕ್ಕಿ, ಹದಿನೈದು ದಿನ ಬ್ಯಾರೆ ಇರಬೇಕು, ಇಲ್ಲಂದ್ರ ಎಲ್ಲಕ್ಕೂ ಹತ್ತತೈತಿ. ನಿನ್ನ ಮನ್ಯಾಗ ಇಟಗೊ" ಎಂದು ವಾಪಸು ಚಾಚಿದಳು.

ಭರಮಮ್ಮ ತೆಗೆದುಕೊಳ್ಳಲಿಲ್ಲ. "ಹಂಗಾರ ನೀ ತಿನ್ನಂಗಿಲ್ಲ?"

"ಇಲ್ಲ."

"ಕೈ ಹೋದ್ರೂ?"

"ಹೋಗ್ಲಿ. ನಿನಗೊಂದು, ನನಗೊಂದು ಹೇಳಾಕಿ ಅಲ್ಲ ನಾ."

ಅಹಮದಸಾಬ ಚೂರಿಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದ. ಭರಮಮ್ಮ ಅದೇ ಮೆಟ್ಟಿಲ ಕೆಳಗೆ ಕುಸಿದು ಕೂತು, ಗಂಡ ಸತ್ತ ದಿನ ಅತ್ತಂತೆ ಅತ್ತಳು. ಬಾನು ಬೀ ಸುಮ್ಮನೆ ಅಳಲು ಬಿಟ್ಟಳು, ತಾನೂ ಅತ್ತಳು. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಎಷ್ಟೋ ಹೊತ್ತಿನ ಮೇಲೆ ಭರಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹಕ್ಕಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದು ಅವಳ ಹೆಬ್ಬೆರಳನ್ನು ಮೆಲ್ಲಗೆ ಕುಕ್ಕಿತು.

"ಇದಕ್ಕ ಏನು ತಿನ್ನಸ್ಲಿ?" ಎಂದು ಕೇಳಿದಳು.