ಪಾಮನಕಲ್ಲೂರಿನ ಬಾಗಿಲು

ಎರಡೂ ಅಂಚಿನಲ್ಲಿ ಸಾಲುತೂತುಗಳಿರುವ ಕಂಪ್ಯೂಟರ್ ಕಾಗದದ ಬೆನ್ನಿನ ಮೇಲೆ ನಾನು ಎಷ್ಟೋ ಸುದ್ದಿ ಬರೆದಿದ್ದೇನೆ. ತೊಂಬತ್ತರ ದಶಕದಲ್ಲಿ ಸಿಂಧನೂರಿನ ದೂರವಾಣಿ ಕೇಂದ್ರಕ್ಕೆ ಹೋಗಿ ಪತ್ರಿಕೆಗೆ ಫೋನಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದ ನನಗೆ ಆ ಕಾಗದ ಅಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಲಿಂಗಸುಗೂರು, ಮಸ್ಕಿ ಮತ್ತು ಹಳ್ಳಿಗಳ ಚಿಕ್ಕ ಕೇಂದ್ರಗಳ ಯಂತ್ರಗಳು ಕರೆಂಟು ಹೋಯಿತು, ಬಂತು, ಬ್ಯಾಟರಿ ಇಳಿಯಿತು, ಬಾಗಿಲು ತೆರೆಯಿತು ಎಂದು ತಾವಾಗಿಯೇ ಕಳಿಸುವ ವರದಿಗಳನ್ನೆಲ್ಲ ಅಲ್ಲಿನ ಪ್ರಿಂಟರು ದಿನವಿಡೀ ಕರಕರ ಅಚ್ಚು ಹಾಕುತ್ತಿತ್ತು, ಓದುವವರಿರಲಿಲ್ಲ.

ಹೊಸದಾಗಿ ಬಂದ ಇಂಜಿನಿಯರ್ ಶಾರದಾ ಓದಿದರು. ಬಳಿಕ ಕಂಪ್ಯೂಟರಿನ ಮುಂದೆ ಕುಳಿತು, ಯಾವ ವರದಿ ತಕ್ಷಣ ಅಚ್ಚಾಗಬೇಕು, ಯಾವುದನ್ನು ಕೂಡಿಸಿಟ್ಟು ಸಂಜೆ ಒಂದೇ ಸಾಲಿನಲ್ಲಿ ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದಾಗಿ ನಿಯಮ ಬರೆದರು. ಗೆಳೆಯರೇ, ಸುದ್ದಿಮನೆಯಲ್ಲಿ ನಾವು ಮಾಡುವುದೂ ಇದನ್ನೇ. ಆದರೆ ಬಿಡುವ ಮುನ್ನ ಇಷ್ಟು ಯೋಚಿಸಿದವರನ್ನು ನಾನು ಕಂಡಿರಲಿಲ್ಲ.

ಹಿರಿಯ ಮೆಕ್ಯಾನಿಕ್ ವೀರೇಶಪ್ಪ ಒಂದು ಸಾಲಿಗೆ ಬೆರಳಿಟ್ಟರು. “ಇದನ್ನ ಕಿತ್ತು ಒಗೀರಿ ಮೇಡಮ್ಮಾರ. ಪಾಮನಕಲ್ಲೂರಾಗ ಬಾಗಿಲಾ ತೆಗದೈತಿ ಅಂತ ದಿನಾ ಮಧ್ಯಾಹ್ನ ಒದರತೈತಿ. ಗಂಗಪ್ಪ ಬಾಗಿಲಾ ತೆಗೀಲಾರದ ಕಿಡಕ್ಯಾಗ ಹಾರಬೇಕೇನ್ರಿ?”

ಗಂಗಪ್ಪ ಊರಾಚೆಯ ಆ ಕೇಂದ್ರದ ಒಂಟಿ ಕಾವಲುಗಾರ. ಸಿಡಿಲು ಸಲೀಸಾಗಿ ನೆಲಕ್ಕಿಳಿಯಲೆಂದು ಅರ್ಥಿಂಗ್ ಗುಂಡಿಗೆ ನೀರು ಹಾಕುವುದು ಅವನ ನಿತ್ಯದ ಕೆಲಸ. ಬಕೆಟ್ ಇದ್ದದ್ದು ಒಳಗೆ.

“ಇರ್ಲಿ ಬಿಡ್ರಿ. ಅಂವ ದಿನಾ ನಮ್ಮ ಕೂಡ ಆಡೋ ಮಾತು ಅದೊಂದ ಐತಿ,” ಎಂದ ಶಾರದಾ, ಆ ಸಾಲು ಬಂದರೆ ಅಚ್ಚು ಹಾಕಿ ಸುಮ್ಮನಿರು, ಬಾರದಿದ್ದರೆ ಗಂಟೆ ಬಾರಿಸು ಎಂಬ ತಿರುಗುಮುರುಗು ನಿಯಮವೊಂದನ್ನು ಸೇರಿಸಿದರು.

ಬೇಸಿಗೆಯ ಒಂದು ಮಧ್ಯಾಹ್ನ ಕಂಪ್ಯೂಟರು ಗಂಟೆ ಬಾರಿಸಿತು. ಪಾಮನಕಲ್ಲೂರಿನಲ್ಲಿ ಫೋನು ಎತ್ತುವವರಿಲ್ಲ.

“ಮಲಕೊಂಡಾನ ತಗೋರಿ, ಕುಂಭಕರ್ಣ,” ಎಂದರು ವೀರೇಶಪ್ಪ.

ಶಾರದಾ ನಗಲಿಲ್ಲ, ಮಸ್ಕಿಗೆ ಫೋನು ಮಾಡಿ ಲೈನ್‌ಮನ್‌ನನ್ನು ಓಡಿಸಿದರು. ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ, ಕೈಯಲ್ಲಿ ಕೀಲಿ ಹಿಡಿದುಕೊಂಡೇ, ಗಂಗಪ್ಪ ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದಿದ್ದ. ಆಸ್ಪತ್ರೆಗೆ ಒಯ್ದರು. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ನನ್ನ ವೃತ್ತಿ ಕಲಿಸಿದ್ದು ಆದದ್ದನ್ನು ಬರೆಯುವುದನ್ನು. ಆಗಬೇಕಾದದ್ದು ಆಗದೆ ಉಳಿದಾಗ ಅದನ್ನು ಕೇಳಿಸಿಕೊಳ್ಳುವ ಕಿವಿಯನ್ನು ಆ ಹೆಣ್ಣುಮಗಳು ಒಂದು ಯಂತ್ರಕ್ಕೆ ಕೊಟ್ಟಿದ್ದರು.

ಗಂಗಪ್ಪ ಕೆಲಸಕ್ಕೆ ಮರಳಿದ ದಿನ ನಾನು ಅಲ್ಲೇ ಇದ್ದೆ. ಪ್ರಿಂಟರು ಒಮ್ಮೆ ಕರಕರ ಎಂದಿತು, ಬೆನ್ನಿಗೇ ಫೋನು.

“ಬಾಗಿಲಾ ತೆಗದೀನ್ರಿ ಮೇಡಮ್ಮಾರ. ಬಂತೇನ್ರಿ ನಿಮಗ?”

“ಬಂತು ಗಂಗಪ್ಪ. ತಲಿಗೆ ಟವೆಲ್ ಸುತ್ತಿಗೊಂಡು ಹೊರಗ ಹೋಗು.”

ನಾನು ಎಂದಿನಂತೆ ಬರೆಯಲು ಕಾಗದಕ್ಕೆ ಕೈಚಾಚಿದೆ. ವೀರೇಶಪ್ಪ ಆ ಹಾಳೆಯನ್ನು ಹರಿದು, ಮಡಚಿ, ತಮ್ಮ ಅಂಗಿಯ ಜೇಬಿಗೆ ಇಟ್ಟುಕೊಂಡರು.

“ಇದಲ್ಲರಿ,” ಎಂದರು, “ನೀವು ಬ್ಯಾರೇದು ತಗೋರಿ.”